ಮುನ್ನೂರು ಕಿಲೋಮೀಟರಿಗೆ ಒಂದು ಗಂಟೆ ಯಾಕೆ?

ಟಿಕೆಟ್ ಮಾಡಿಸಲು ಬಂದವರು ಫೋನಿನಲ್ಲೇ ಭಾಗಾಕಾರ ಮಾಡಿ ತೋರಿಸುತ್ತಾರೆ. ಬೆಂಗಳೂರು–ಮಂಗಳೂರು ನೇರ ದೂರ ಸುಮಾರು 306 ಕಿ.ಮೀ., ಜೆಟ್ ವಿಮಾನದ ವೇಗ ಗಂಟೆಗೆ 800, ಅಂದರೆ 23 ನಿಮಿಷ. 'ಮತ್ತೆ ಇದರಲ್ಲಿ ಒಂದು ಗಂಟೆ ಚಿಲ್ಲರೆ ಅಂತ ಯಾಕಿದೆ ಸಾರ್?' ಕೇಳಲಿ, ಬೇಡ ಅನ್ನುವುದಿಲ್ಲ. ಉತ್ತರಕ್ಕೆ ಕಾಯದೆ, 'ಹೇಗೂ ಬೇಗ ಇಳಿಯುತ್ತೆ' ಎಂದು ಮುಂದಿನ ವಿಮಾನವನ್ನು ಅದರ ಬೆನ್ನಿಗೇ ಬುಕ್ ಮಾಡುತ್ತಾರಲ್ಲ, ಎಡವಟ್ಟು ಶುರುವಾಗುವುದು ಅಲ್ಲಿ.

ಟಿಕೆಟ್ಟಿನಲ್ಲಿರುವ ಹೊರಡುವ ಸಮಯಕ್ಕೆ ವಿಮಾನ ಮೇಲೇರುವುದಿಲ್ಲ. ನಿಂತ ಜಾಗದಿಂದ ಹಿಂದಕ್ಕೆ ಸರಿಯುತ್ತದೆ. ತಲುಪುವ ಸಮಯ ಅಂದರೂ ರನ್‌ವೇ ಮುಟ್ಟಿದ್ದಲ್ಲ, ನಿಲ್ಲುವ ಜಾಗಕ್ಕೆ ಬಂದು ನಿಂತದ್ದು. ಈ ಪೂರ್ತಿ ಅವಧಿಗೆ ಬ್ಲಾಕ್ ಟೈಮ್ ಎನ್ನುತ್ತಾರೆ. ಎಂಜಿನ್ ಚಾಲೂ ಮಾಡಿ ರನ್‌ವೇ ತನಕ ಉರುಳಿ, ಸರದಿಯಲ್ಲಿ ನಿಲ್ಲುವಷ್ಟರಲ್ಲೇ ಹದಿನೈದು ನಿಮಿಷ ಹೋಗಬಹುದು. ಗಾಳಿ ಪೂರ್ವದಿಂದ ಬೀಸುತ್ತಿದ್ದರೆ ದೇವನಹಳ್ಳಿಯಲ್ಲಿ ಪೂರ್ವಕ್ಕೆ ಮುಖ ಮಾಡಿಯೇ ಏರಬೇಕು. ಮಂಗಳೂರು ಇರುವುದು ಪಶ್ಚಿಮಕ್ಕೆ!

ಇನ್ನು ಆ 800ರ ವೇಗ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್ ಮಿತಿ, ಎಂದರೆ ಸುಮಾರು 460 ಕಿ.ಮೀ. ಪ್ರತಿ 1,000 ಅಡಿ ಇಳಿಯಲು 3 ನಾಟಿಕಲ್ ಮೈಲಿ, ಹತ್ತಿರಹತ್ತಿರ ಐದೂವರೆ ಕಿ.ಮೀ. ಬೇಕು. 24,000 ಅಡಿಯಿಂದ ಇಳಿಯುವುದಕ್ಕೇ 130 ಕಿ.ಮೀ. ದಾಟಿತು. ಏರಲೂ ನೂರರ ಮೇಲೆ ಬೇಕು. 306ರಲ್ಲಿ ಪೂರ್ತಿ ವೇಗದಲ್ಲಿ ಹೋಗಲು ಉಳಿದದ್ದೆಷ್ಟು, ನೀವೇ ಕಳೆದು ನೋಡಿ. ಪ್ರೊಪೆಲರ್ ಇರುವ ಎಟಿಆರ್ ಆದರೆ ಅದರ ವೇಗವೇ 500ರ ಆಸುಪಾಸು.

ಅಂದಾಜು ಬೇಕೇಬೇಕು ಅನ್ನುವವರು ದೂರವನ್ನು 800ರಿಂದ ಭಾಗಿಸಿ 40 ನಿಮಿಷ ಸೇರಿಸಿ. ದೆಹಲಿಗೆ ಸುಮಾರು 1,700 ಕಿ.ಮೀ.; 2 ಗಂಟೆ 48 ನಿಮಿಷ ಬರುತ್ತದೆ, ವೇಳಾಪಟ್ಟಿಯೂ ಅಲ್ಲೇ ಸುತ್ತುತ್ತದೆ. ಪೂರ್ವ–ಪಶ್ಚಿಮದ ದಾರಿಯಲ್ಲಿ ಮಾತ್ರ ಈ ಸೂತ್ರವನ್ನು ಪೂರಾ ನಂಬಬೇಡಿ. ದೆಹಲಿ–ಕೋಲ್ಕತ್ತ 1,310 ಕಿ.ಮೀ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಜೋರು ಗಾಳಿ ಹರಿಯುತ್ತದೆ. ಅದು ಗಂಟೆಗೆ 150 ಕಿ.ಮೀ. ಇದೆ ಎಂದಿಟ್ಟುಕೊಂಡರೆ, ಹೋಗುವಾಗ 83 ನಿಮಿಷದ ಹಾರಾಟ ಬರುವಾಗ 121 ಆಗುತ್ತದೆ. ಗಾಳಿಯಿಲ್ಲದಿದ್ದರೆ ಎರಡೂ ಕಡೆ 98. ಹೋಗುವಾಗ ಉಳಿದದ್ದು 15, ಬರುವಾಗ ಕಳೆದದ್ದು 23. ಸರಿದೂಗುವುದಿಲ್ಲ.

ದುಬೈ ಟಿಕೆಟ್ ನೋಡಿ 'ಹೋಗಲು ಎರಡೂವರೆ, ಬರಲು ಐದೂವರೆ' ಎಂದು ಗಾಬರಿಯಾಗುವವರಿಗೆ ಒಂದೇ ಮಾತು: ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ.

ಬೆಂಗಳೂರಿನಲ್ಲಿ ವಿಮಾನ ಬದಲಿಸುವಾಗ ಎರಡೂ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಒಳ್ಳೆಯದು. ಬೇರೆ ಬೇರೆಯಾದರೆ ಲಗೇಜು ಇಳಿಸಿಕೊಂಡು ಮತ್ತೆ ಕೌಂಟರಿಗೆ ಕೊಡಬೇಕು, ಅದು ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಬಸ್ಸು ಹಿಡಿಯಬೇಕಾಗಿಯೂ ಬರಬಹುದು. ದೇಶದೊಳಗಿನ ಪಯಣಕ್ಕೆ ಮೂರು ಗಂಟೆ, ವಿದೇಶಕ್ಕೆ ಐದು ಗಂಟೆ ಬಿಡುವಿರಲಿ. ಮಳೆಗಾಲದಲ್ಲಿ ಮಂಗಳೂರಿನಿಂದ ಹೊರಡುವವರು ಹಿಂದಿನ ದಿನವೇ ಬೆಂಗಳೂರಿಗೆ ಬಂದುಬಿಡಿ. ಮೋಡ ಕೆಳಗಿಳಿದರೆ, ನಿಮ್ಮನ್ನು ಕರೆತರಬೇಕಾದ ವಿಮಾನ ಬಜ್ಪೆಯ ಮೇಲೆ ಸುತ್ತು ಹೊಡೆದು ಬೆಂಗಳೂರಿಗೇ ವಾಪಸಾಗುವುದುಂಟು.