‘ದುಡ್ಡಿದ್ದವರಿಗೇ ಟಿಕೆಟ್ ಅಲ್ವಾ ಸಾರ್?’

ಪ್ರಶ್ನೆ: ಅಮೆರಿಕದ ರಿಪಬ್ಲಿಕನ್ ಪಕ್ಷದಲ್ಲಿ ಕೊನೆಗೆ ಟಿಕೆಟ್ ಸಿಗೋದು ಜಾಸ್ತಿ ದುಡ್ಡು ಇರೋರಿಗೇ ತಾನೇ? ಹಾಗಿದ್ದ ಮೇಲೆ ಆ ಬಣ, ಈ ಬಣ ಅಂತ ಪುಟಗಟ್ಟಲೆ ಬರೆಯೋದರಲ್ಲಿ ಅರ್ಥ ಏನಿದೆ?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಕೇಳುವವರು ಬದಲಾಗುತ್ತಾರೆ, ಕೊನೆಯಲ್ಲಿ ಬರುವ ‘ಎಲ್ಲ ಕಡೆನೂ ಅಷ್ಟೇ ಬಿಡಿ ಸಾರ್’ ಮಾತ್ರ ಹಾಗೇ ಇರುತ್ತೆ. ಇಲ್ಲ, ಎಲ್ಲ ಕಡೆನೂ ಅಷ್ಟೇ ಅಲ್ಲ. ಈ ಸಲ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಮುಂದಿನ ಸಲ ಯಾರಾದರೂ ಕೇಳಿದರೆ ಇದನ್ನೇ ಕಳಿಸಬಹುದಲ್ಲ.

ಗೊಂದಲದ ಬೇರು ‘ಟಿಕೆಟ್’ ಅನ್ನೋ ಮಾತಿನಲ್ಲೇ ಇದೆ. ನಮ್ಮಲ್ಲಿ ಟಿಕೆಟ್ ಕೊಡೋದು ಹೈಕಮಾಂಡ್. ಬಿ ಫಾರಂ ಕೈಗೆ ಬಂತು ಅಂದರೆ ಅಭ್ಯರ್ಥಿ, ಬರಲಿಲ್ಲ ಅಂದರೆ ಬಂಡಾಯ. ಅಲ್ಲಿ ಬಿ ಫಾರಂ ಅನ್ನೋ ವಸ್ತುವೇ ಇಲ್ಲ. ಪಕ್ಷದ ಅಭ್ಯರ್ಥಿ ಯಾರು ಅಂತ ತೀರ್ಮಾನ ಆಗೋದು ಪ್ರೈಮರಿಯಲ್ಲಿ, ಅಂದರೆ ಆ ಕ್ಷೇತ್ರದ ಸಾಮಾನ್ಯ ಮತದಾರರೇ ವೋಟು ಹಾಕುವ ಒಳಚುನಾವಣೆಯಲ್ಲಿ. ಗೆದ್ದವರು ಪಕ್ಷದ ಅಧ್ಯಕ್ಷರಿಗೆ ಹಿಡಿಸದಿದ್ದರೂ ಸರಿ, ಅವರೇ ಅಭ್ಯರ್ಥಿ. ಹಾಗಾಗಿ ದುಡ್ಡಿರುವವರು ಯಾರೋ ಒಬ್ಬ ನಾಯಕರ ಮನೆ ಬಾಗಿಲಲ್ಲಿ ಸೂಟ್‌ಕೇಸ್ ಇಟ್ಟು ಬಂದರೆ ಕೆಲಸ ಆಗಲ್ಲ. ಊರೂರು ಜನರ ಮನಸ್ಸು ಒಲಿಸಬೇಕು. ಅದಕ್ಕೆ ದುಡ್ಡು ಬೇಕು, ನಿಜ. ದುಡ್ಡು ಸಾಕಾ ಅನ್ನೋದು ಬೇರೆ ವಿಚಾರ.

ಸಾಕಾಗಲ್ಲ ಅನ್ನೋದಕ್ಕೆ ವರ್ಜೀನಿಯಾದ ಎರಿಕ್ ಕ್ಯಾಂಟರ್ ಕತೆ ಒಂದೇ ಸಾಕು. ಕೆಳಮನೆಯಲ್ಲಿ ರಿಪಬ್ಲಿಕನ್ನರ ಬಹುಮತದ ನಾಯಕ, ಸ್ಪೀಕರ್ ಬಿಟ್ಟರೆ ಪಕ್ಷದಲ್ಲಿ ಇವರೇ. 2014ರ ಚುನಾವಣೆಗೆ ಎತ್ತಿದ್ದು 50 ಲಕ್ಷ ಡಾಲರ್‌ಗೂ ಮಿಗಿಲು. ಎದುರಿಗಿದ್ದವರು ಡೇವ್ ಬ್ರಾಟ್, ಸಣ್ಣ ಕಾಲೇಜೊಂದರ ಅರ್ಥಶಾಸ್ತ್ರದ ಮೇಷ್ಟ್ರು. ಅವರ ಇಡೀ ಪ್ರಚಾರದ ಖರ್ಚು ಸುಮಾರು 2 ಲಕ್ಷ ಡಾಲರ್. ಕ್ಯಾಂಟರ್ ಕಡೆಯವರು ಬರೀ ಸ್ಟೇಕ್ ಹೋಟೆಲುಗಳಿಗೆ ಕಟ್ಟಿದ್ದ ಬಿಲ್ಲೇ 1.68 ಲಕ್ಷ ಡಾಲರ್! ಆ ಹೋಟೆಲಿನ ಟೇಬಲ್ಲುಗಳಲ್ಲಿ ಕೂತು ಊಟ ಮಾಡಿದವರು ದಾನಿಗಳು, ಕ್ಷೇತ್ರದ ಮತದಾರರಲ್ಲ. ಜೂನ್ 10ರ ರಾತ್ರಿ ಮೇಷ್ಟ್ರು ಹತ್ತಕ್ಕೂ ಹೆಚ್ಚು ಶೇಕಡಾ ಅಂಕಗಳಿಂದ ಗೆದ್ದರು. ಬಹುಮತದ ನಾಯಕರೊಬ್ಬರು ಪ್ರೈಮರಿಯಲ್ಲೇ ಸೋತದ್ದು ಆ ಹುದ್ದೆ ಹುಟ್ಟಿದ ಮೇಲೆ ಅದೇ ಮೊದಲು. ಟಿ.ವಿ.ಯಲ್ಲಿ ಬ್ರಾಟ್ ವಿರುದ್ಧ ಅಷ್ಟೊಂದು ಜಾಹೀರಾತು ಸುರಿದು, ಹೆಸರೇ ಗೊತ್ತಿಲ್ಲದ ಮನುಷ್ಯನಿಗೆ ಕ್ಯಾಂಟರ್ ತಾವೇ ದುಡ್ಡು ಕೊಟ್ಟು ಪ್ರಚಾರ ಮಾಡಿದಂತಾಯ್ತು ಅನ್ನೋ ಮಾತು ಆಗಲೇ ಕೇಳಿಬಂದಿತ್ತು.

‘ಅದೊಂದು ಅಪವಾದ’ ಅಂತೀರಿ. ಗೊತ್ತಿತ್ತು. ಸರಿ, 2016ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಲು ಹೊರಟಿದ್ದ ಜೆಬ್ ಬುಷ್. ಅಪ್ಪ ಅಧ್ಯಕ್ಷ, ಅಣ್ಣ ಅಧ್ಯಕ್ಷ. ಅವರ ಬೆಂಬಲಕ್ಕೆ ನಿಂತ ‘ರೈಟ್ ಟು ರೈಸ್’ ಸೂಪರ್ ಪ್ಯಾಕ್ (ಅಭ್ಯರ್ಥಿಯ ಪರ ಮಿತಿಯಿಲ್ಲದೆ ದುಡ್ಡು ಎತ್ತಿ ಖರ್ಚು ಮಾಡುವ ಹೊರಗಿನ ಸಂಸ್ಥೆ) 2015ರ ಮೊದಲ ಆರು ತಿಂಗಳಲ್ಲೇ 10 ಕೋಟಿ ಡಾಲರ್ ದಾಟಿತ್ತು. 2016ರ ಫೆಬ್ರವರಿ 20ಕ್ಕೆ ಸೌತ್ ಕ್ಯಾರೊಲಿನಾದಲ್ಲಿ ಸೋತು ಗಂಟುಮೂಟೆ ಕಟ್ಟಿದಾಗ ಅವರ ಲೆಕ್ಕದಲ್ಲಿದ್ದ ಪ್ರತಿನಿಧಿಗಳು, ಅಂದರೆ ಪಕ್ಷದ ಸಮಾವೇಶದಲ್ಲಿ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವವರು, 4 ಜನ. 2022ರಲ್ಲಿ ವಯೋಮಿಂಗ್‌ನ ಆಗಿನ ಕೆಳಮನೆ ಸದಸ್ಯೆ ಲಿಜ್ ಚೇನಿ ಪ್ರೈಮರಿಯಲ್ಲಿ ತಮ್ಮನ್ನು ಸೋಲಿಸಿದ ಹ್ಯಾರಿಯೆಟ್ ಹೇಗ್‌ಮನ್‌ಗಿಂತ ಸುಮಾರು ಮೂರು ಪಟ್ಟು ದುಡ್ಡು ಎತ್ತಿದ್ದರು, ಸೋತದ್ದು 37 ಶೇಕಡಾ ಅಂಕಗಳ ಅಂತರದಲ್ಲಿ. 2024ರ ಅಧ್ಯಕ್ಷ ಅಭ್ಯರ್ಥಿಯಾಗಲು ಹೊರಟ ಫ್ಲಾರಿಡಾ ಗವರ್ನರ್ ರಾನ್ ಡಿಸ್ಯಾಂಟಿಸ್ ಬೆನ್ನಿಗಿದ್ದ ಸೂಪರ್ ಪ್ಯಾಕಿಗೆ ಫ್ಲಾರಿಡಾದ ಹಳೇ ಖಾತೆಯೊಂದರಿಂದಲೇ 8 ಕೋಟಿ ಡಾಲರ್‌ಗೂ ಹೆಚ್ಚು ವರ್ಗವಾಗಿತ್ತು. 2024ರ ಜನವರಿಯಲ್ಲಿ ಅಯೋವಾ ರಾಜ್ಯದ ಮೊದಲ ಸುತ್ತು ಮುಗಿದು ವಾರ ಕಳೆಯೋದರೊಳಗೆ ಅವರು ಕಣದಲ್ಲಿರಲಿಲ್ಲ. ಉದ್ಯಮಿಗಳಾದ ಕೋಕ್ ಕುಟುಂಬದ ಸುತ್ತ ಬೆಳೆದ ದಾನಿಗಳ ಜಾಲ ಅದೇ ಕಣದಲ್ಲಿದ್ದ ನಿಕ್ಕಿ ಹೇಲಿ ಬೆನ್ನಿಗೆ ನಿಂತಿತು. ಹೇಲಿ ತಮ್ಮ ಸ್ವಂತ ರಾಜ್ಯದಲ್ಲೇ ಸೋತರು, ಜಾಲ ಖರ್ಚು ನಿಲ್ಲಿಸಿತು. ಇನ್ನೂ ಬೇಕಾ?

‘ಆದರೆ ಸಾರ್, ಹೆಚ್ಚು ಖರ್ಚು ಮಾಡಿದವರೇ ಸಾಮಾನ್ಯವಾಗಿ ಗೆಲ್ಲುತ್ತಾರೆ ಅಂತ ಓದಿದ್ದೆ.’ ಓದಿದ್ದು ಸರಿ, ಅರ್ಥ ಮಾಡಿಕೊಂಡದ್ದು ತಪ್ಪು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗಲ್ಲ ಅಂದುಕೊಂಡಿದ್ದ ಅಜ್ಜಿ ನೆನಪಿದ್ದಾಳಲ್ಲ? ದಾನಿಗಳೇನು ಪೆದ್ದರಲ್ಲ, ಗೆಲ್ಲೋ ಕುದುರೆ ನೋಡಿಯೇ ದುಡ್ಡು ಕಟ್ಟುತ್ತಾರೆ. ಗೆಲ್ಲುವ ಲಕ್ಷಣ ಮೊದಲು ಕಾಣುತ್ತೆ, ದುಡ್ಡು ಆಮೇಲೆ ಬರುತ್ತೆ. ಕೊನೆಗೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ದುಡ್ಡೇ ಗೆಲ್ಲಿಸಿದಂತೆ ಕಾಣುತ್ತೆ.

ಪಕ್ಷ ಬೇರೆಯಾದರೂ ನಮ್ಮ ಬೆಳಗಾವಿಯಲ್ಲಿ ಬೆಳೆದು ಹೋದ ಶ್ರೀ ಥಾನೇದಾರ್ ಅವರನ್ನು ಇಲ್ಲಿ ನೆನೆಯಲೇಬೇಕು. 2018ರಲ್ಲಿ ಮಿಷಿಗನ್ ಗವರ್ನರ್ ಹುದ್ದೆಗಾಗಿ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಸುಮಾರು 1 ಕೋಟಿ ಡಾಲರ್ ಸ್ವಂತ ದುಡ್ಡು ಸುರಿದು ಮೂರನೇ ಸ್ಥಾನಕ್ಕೆ ಬಂದರು. 2022ರಲ್ಲಿ ಡೆಟ್ರಾಯಿಟ್ ಸುತ್ತಲಿನ ಕ್ಷೇತ್ರದಲ್ಲಿ ಮತ್ತೆ ಸ್ವಂತ ದುಡ್ಡೇ, ಆದರೆ ಈ ಸಲ ಕಣದಲ್ಲಿ ಒಂಬತ್ತು ಜನ. ಮತ ಚೂರುಚೂರಾಗಿ ಹಂಚಿಹೋಯಿತು, ಶೇ 28ರಷ್ಟು ಪಡೆದು ಗೆದ್ದರು. ಮನುಷ್ಯ ಅದೇ, ಜೇಬೂ ಅದೇ. ಬದಲಾದದ್ದು ಕಣ.

ಹಾಗಾದರೆ ದುಡ್ಡಿಗೆ ಬೆಲೆಯೇ ಇಲ್ಲವಾ ಅಂದರೆ, ಬೇಕಾದಷ್ಟಿದೆ. ಜನ ಹುಡುಕುವ ಜಾಗ ಬೇರೆ, ಅದು ಇರುವ ಜಾಗ ಬೇರೆ, ಅಷ್ಟೇ.

ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ನೇರವಾಗಿ ಕೊಡಬಹುದಾದದ್ದು ಕಡಿಮೆ. 2024ರಲ್ಲಿ ಒಂದು ಚುನಾವಣೆಗೆ 3,300 ಡಾಲರ್, ಪ್ರೈಮರಿಯೇ ಒಂದು ಚುನಾವಣೆ, ಅಂತಿಮ ಹಣಾಹಣಿ ಇನ್ನೊಂದು. 2002ರ ಕಾನೂನು ಪಕ್ಷದ ಕಚೇರಿಗೆ ಮಿತಿಯಿಲ್ಲದೆ ಹರಿಯುತ್ತಿದ್ದ ದುಡ್ಡನ್ನೂ ನಿಲ್ಲಿಸಿತ್ತು. 2010ರಲ್ಲಿ ಸುಪ್ರೀಂ ಕೋರ್ಟಿನ ‘ಸಿಟಿಜನ್ಸ್ ಯುನೈಟೆಡ್’ ತೀರ್ಪು, ಅದರ ಬೆನ್ನಿಗೇ ಕೆಳಗಿನ ಕೋರ್ಟೊಂದರ ಇನ್ನೊಂದು ತೀರ್ಪು ಬಂದು ಸೂಪರ್ ಪ್ಯಾಕ್ ಹುಟ್ಟಿತು. ಎಷ್ಟು ಬೇಕಾದರೂ ಎತ್ತಬಹುದು, ಎಷ್ಟು ಬೇಕಾದರೂ ಖರ್ಚು ಮಾಡಬಹುದು, ಅಭ್ಯರ್ಥಿಯ ಜೊತೆ ಸೇರಿ ಯೋಜನೆ ಹಾಕುವಂತಿಲ್ಲ ಅಷ್ಟೇ. ಪಕ್ಷದ ಕಚೇರಿಯ ಬಾಗಿಲು ಹಾಗೇ ಮುಚ್ಚಿತ್ತು, ಪಕ್ಕದ ಬಾಗಿಲು ಪೂರ್ತಿ ತೆರೆಯಿತು. ಅಲ್ಲಿಂದಾಚೆಗೆ ಪಕ್ಷದಲ್ಲಿ ಹಲವು ಖಜಾನೆಗಳು, ಒಂದೊಂದಕ್ಕೂ ಒಬ್ಬೊಬ್ಬರ ನಂಟು.

ಜಗಳ ಶುರುವಾಗೋದು ಇಲ್ಲಿ. ಮೇಲ್ಮನೆ ಸೆನೆಟ್‌ನಲ್ಲಿ ರಿಪಬ್ಲಿಕನ್ನರ ಆಗಿನ ನಾಯಕ ಮಿಚ್ ಮೆಕಾನಲ್ ಅವರ ಖಜಾನೆ ‘ಸೆನೆಟ್ ಲೀಡರ್‌ಶಿಪ್ ಫಂಡ್’, ಅದನ್ನು ನಡೆಸುತ್ತಿದ್ದವರು ಅವರದೇ ಮಾಜಿ ಸಿಬ್ಬಂದಿ ಮುಖ್ಯಸ್ಥ. 2022ರ ಸೆನೆಟ್ ಚುನಾವಣೆಗೆ ಪೀಟರ್ ಥೀಲ್ ಎಂಬ ಕೋಟ್ಯಧಿಪತಿ ಅರಿಜೋನಾದ ಬ್ಲೇಕ್ ಮಾಸ್ಟರ್ಸ್ ಪರ ಒಂದೂವರೆ ಕೋಟಿ ಡಾಲರ್, ಒಹಾಯೋದ ಜೆ.ಡಿ. ವಾನ್ಸ್ ಪರ ಅಷ್ಟೇ ದುಡ್ಡು ಹಾಕಿದರು. ಇಬ್ಬರೂ ಟ್ರಂಪ್ ಬೆಂಬಲವೂ ಸೇರಿ ಪ್ರೈಮರಿ ಗೆದ್ದರು. ಮುಂದಿನ ಹಂತಕ್ಕೆ ಮೆಕಾನಲ್ ಖಜಾನೆ ಬೇಕಾಯ್ತು. ಒಹಾಯೋಗೆ ಮೂರು ಕೋಟಿ ಡಾಲರಿನ ಆಸುಪಾಸು ಹರಿಯಿತು. ಅರಿಜೋನಾದಲ್ಲಿ ಕಾಯ್ದಿರಿಸಿದ್ದ ಜಾಹೀರಾತುಗಳೆಲ್ಲ ರದ್ದಾದವು. ಮಾಸ್ಟರ್ಸ್ ಸೋತರು. ಅತ್ತ ಅಲಾಸ್ಕದಲ್ಲಿ ಅದೇ ಖಜಾನೆ ಟ್ರಂಪ್ ಬೆಂಬಲಿತ ರಿಪಬ್ಲಿಕನ್ ಅಭ್ಯರ್ಥಿಯ ವಿರುದ್ಧವೇ ಖರ್ಚು ಮಾಡಿ ಪಕ್ಷದವರೇ ಆದ ಹಾಲಿ ಸೆನೆಟರ್ ಲೀಸಾ ಮುರ್ಕೌಸ್ಕಿ ಅವರನ್ನು ಕಾಪಾಡಿತು. ಆ ಅಭ್ಯರ್ಥಿ, ಗೆದ್ದರೆ ಮೆಕಾನಲ್‌ಗೆ ನಾಯಕರಾಗಲು ಮತ ಹಾಕಲ್ಲ ಅಂತ ಮೊದಲೇ ಸಾರಿದ್ದರು. ಚುನಾವಣೆ ಮುಗಿದು ತಿಂಗಳಾಗುವ ಮೊದಲೇ ಫ್ಲಾರಿಡಾದ ಸೆನೆಟರ್ ರಿಕ್ ಸ್ಕಾಟ್ ಮೆಕಾನಲ್ ನಾಯಕತ್ವಕ್ಕೆ ಸವಾಲು ಹಾಕಿದರು. ಗುಪ್ತ ಮತದಾನದಲ್ಲಿ ಮೆಕಾನಲ್‌ಗೆ 37, ಸ್ಕಾಟ್‌ಗೆ 10.

ಈಗ ಕಾಣಿಸ್ತಾ? ಥೀಲ್ ದುಡ್ಡು ಒಬ್ಬರನ್ನು ಕಣಕ್ಕಿಳಿಸಬಲ್ಲದು, ಮೆಕಾನಲ್ ಖಜಾನೆ ಅವರನ್ನು ನಡುದಾರಿಯಲ್ಲಿ ಬಿಡಬಲ್ಲದು. ಮತದಾರರ ಮನಸ್ಸು ಕೊಳ್ಳೋದಕ್ಕೆ ಇಬ್ಬರಿಗೂ ಆಗಲಿಲ್ಲ. ಆದರೆ ಗೆದ್ದು ಬರುವ ಸೆನೆಟರಿಗೆ ತಾನು ಯಾರ ಋಣದಲ್ಲಿದ್ದೇನೆ ಅನ್ನೋದು ಚೆನ್ನಾಗಿ ಗೊತ್ತಿರುತ್ತೆ.

ಕೆಳಮನೆಯಲ್ಲಂತೂ ಇದು ಒಪ್ಪಂದದ ರೂಪದಲ್ಲೇ ಬಯಲಿಗೆ ಬಂತು. 2023ರ ಜನವರಿಯಲ್ಲಿ ಸ್ಪೀಕರ್ ಆಗಲು ಕೆಳಮನೆಯ ರಿಪಬ್ಲಿಕನ್ ನಾಯಕ ಕೆವಿನ್ ಮೆಕಾರ್ತಿ ಒಂದಾದ ಮೇಲೊಂದು ಸುತ್ತು ಸೋಲುತ್ತಿದ್ದರು. ಎರಡನೇ ದಿನ ರಾತ್ರಿ ಅವರ ನಂಟಿನ ಸೂಪರ್ ಪ್ಯಾಕ್ ಮತ್ತು ‘ಕ್ಲಬ್ ಫಾರ್ ಗ್ರೋತ್’ ಎಂಬ ಕಟ್ಟಾ ಬಲಪಂಥೀಯ ಗುಂಪು ಕೂಡಿ ಒಂದು ಪ್ರಕಟಣೆ ಹೊರಡಿಸಿದವು: ಪಕ್ಷಕ್ಕೆ ಭದ್ರವಾಗಿರುವ ಕ್ಷೇತ್ರಗಳಲ್ಲಿ, ಹಾಲಿ ಸದಸ್ಯರಿಲ್ಲದ ಕಡೆ, ಪ್ರೈಮರಿಯಲ್ಲಿ ನಾಯಕರ ಕಡೆಯ ದುಡ್ಡು ಇಳಿಯೋದಿಲ್ಲ. ಬಂಡಾಯಗಾರರು ಕೇಳಿದ್ದು ಮಂತ್ರಿಗಿರಿ ಅಲ್ಲ ನೋಡಿ, ‘ನಮ್ಮ ಹುಡುಗರನ್ನು ನಿಮ್ಮ ದುಡ್ಡಿನಿಂದ ತುಳಿಯಬೇಡಿ’ ಅಂತ. ಮೆಕಾರ್ತಿ 15ನೇ ಸುತ್ತಿನಲ್ಲಿ ಗೆದ್ದರು. ಅಕ್ಟೋಬರ್ 3ರಂದು ಅವರದೇ ಪಕ್ಷದ 8 ಜನ ಡೆಮಾಕ್ರಟರ ಜೊತೆ ಮತ ಹಾಕಿ ಕೆಳಗಿಳಿಸಿದರು. ಪಕ್ಷದ ದುಡ್ಡೆತ್ತುವ ಕಲೆಯಲ್ಲಿ ಅವರನ್ನು ಮೀರಿಸಿದವರು ಕಡಿಮೆ. ಆದರೆ ಆ ಎಂಟರಲ್ಲಿ ಮುಂದೆ ನಿಂತಿದ್ದ ಮ್ಯಾಟ್ ಗೇಟ್ಜ್‌ಗೆ ಆ ದುಡ್ಡಿನ ಹಂಗೇ ಇರಲಿಲ್ಲ.

ಹಂಗಿಲ್ಲದಂತೆ ಮಾಡಿದ್ದು ಫೋನು. ಟಿ.ವಿ.ಯಲ್ಲಿ ಒಂದು ಜಗಳ ಆಡಿ, ಅದರ ತುಣುಕು ಹಾಕಿ, ‘20 ಡಾಲರ್ ಕೊಡಿ’ ಅಂದರೆ ದೇಶದ ಮೂಲೆಮೂಲೆಯಿಂದ ಚಿಲ್ಲರೆ ಬಂದು ಬೀಳುತ್ತೆ. ಈ ವಿದ್ಯೆಯಲ್ಲಿ ಟ್ರಂಪ್ ಎಲ್ಲರಿಗೂ ಗುರು. 2020ರಲ್ಲಿ ಅವರ ದೇಣಿಗೆ ಪುಟದಲ್ಲಿ ‘ಪ್ರತಿ ವಾರ ಕೊಡುತ್ತೇನೆ’ ಅನ್ನೋ ಚೌಕಕ್ಕೆ ಮೊದಲೇ ಟಿಕ್ ಬಿದ್ದಿರುತ್ತಿತ್ತು. ಗೊತ್ತಿಲ್ಲದೆ ಕೊಟ್ಟು ಗಲಾಟೆ ಮಾಡಿದವರೂ ಸೇರಿ ದಾನಿಗಳಿಗೆ ಆ ಚುನಾವಣೆಯಲ್ಲಿ ಹಿಂದಿರುಗಿಸಿದ ಮೊತ್ತ 12 ಕೋಟಿ ಡಾಲರ್ ದಾಟಿತು. 2024ರ ಮಾರ್ಚಿನಲ್ಲಿ ಪಕ್ಷದ ರಾಷ್ಟ್ರೀಯ ಸಮಿತಿಗೆ ಅವರ ಸೊಸೆ ಲಾರಾ ಟ್ರಂಪ್ ಸಹಾಧ್ಯಕ್ಷೆಯಾದರು. ಜಂಟಿ ದೇಣಿಗೆಯ ಹೊಸ ಒಪ್ಪಂದದಲ್ಲಿ ಮೊದಲ ಪಾಲು ಟ್ರಂಪ್ ಪ್ರಚಾರಕ್ಕೆ, ಆಮೇಲೆ ಅವರ ವಕೀಲರ ಫೀಸು ಕಟ್ಟುತ್ತಿದ್ದ ಸಮಿತಿಗೆ, ಪಕ್ಷದ ಸರದಿ ಅದಾದ ಮೇಲೆ. ಏಪ್ರಿಲ್‌ನಲ್ಲಿ ಇನ್ನೊಂದು ಪತ್ರ ಹೋಯಿತು: ಟ್ರಂಪ್ ಹೆಸರು, ಫೋಟೋ ಬಳಸಿ ದೇಣಿಗೆ ಎತ್ತುವ ಅಭ್ಯರ್ಥಿಗಳು ಕನಿಷ್ಠ ಶೇ 5 ಟ್ರಂಪ್ ಪ್ರಚಾರಕ್ಕೆ ಕೊಡಬೇಕು. ಜಾತ್ರೆಯಲ್ಲಿ ಅಂಗಡಿ ಹಾಕಿದರೆ ಸುಂಕ ಕಟ್ಟಬೇಕಲ್ಲ, ಹಾಗೆ.

ದೇಣಿಗೆ ಮಾತು ಬಂದಿದ್ದಕ್ಕೆ ಯಾರೂ ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ, ಅಲ್ಲಿರುವ ನಮ್ಮವರಿಗೆ ಬೇಕಾಗುತ್ತೆ. ನ್ಯೂಜೆರ್ಸಿಯಲ್ಲಿರುವ ನಮ್ಮ ಷಡ್ಡಕರ ಫೋನಿಗೆ ಇಂಥ ಮೆಸೇಜು ದಿನಕ್ಕೆ ನಾಲ್ಕೈದು ಬರುತ್ತೆ. ‘ಇವತ್ತು ರಾತ್ರಿ 12ರೊಳಗೆ ಕೊಡದಿದ್ದರೆ ದೇಶ ಕೈತಪ್ಪುತ್ತೆ’ ಅನ್ನೋ ಧಾಟಿ. ಅವರು ಎಚ್-1ಬಿ ವೀಸಾದಲ್ಲಿದ್ದಾರೆ. ಎಚ್-1ಬಿಯವರು ಯಾವ ಪಕ್ಷಕ್ಕೂ, ಯಾವ ಅಭ್ಯರ್ಥಿಗೂ ಒಂದು ಡಾಲರ್ ಕೂಡ ಕೊಡುವಂತಿಲ್ಲ, ಅದು ಕಾನೂನಿಗೆ ವಿರುದ್ಧ. ಗ್ರೀನ್ ಕಾರ್ಡ್ ಇದ್ದರೆ ಕೊಡಬಹುದು, ವೋಟು ಹಾಕುವಂತಿಲ್ಲ. ಪೌರತ್ವ ಇರುವ ಗೆಳೆಯರ ಹೆಸರಲ್ಲಿ ನಿಮ್ಮ ದುಡ್ಡು ಕಳಿಸೋದು ಇನ್ನೂ ದೊಡ್ಡ ತಪ್ಪು. ಸಂಬಳವಿಲ್ಲದೆ ಕರಪತ್ರ ಹಂಚಲು ಹೋಗುತ್ತೀರಾದರೆ ವೀಸಾದವರಿಗೂ ಅಡ್ಡಿಯಿಲ್ಲ.

ಮೆಸೇಜು ನಿಲ್ಲಬೇಕಾದರೆ ‘ಸ್ಟಾಪ್’ ಅಂತ ಕಳಿಸಿ ಅಂದೆ. ಕಳಿಸಿದರಂತೆ, ಆ ನಂಬರಿನಿಂದ ನಿಂತಿತಂತೆ. ಮರುದಿನ ಇನ್ನೊಂದು ನಂಬರಿನಿಂದ, ಇನ್ನೊಬ್ಬ ಅಭ್ಯರ್ಥಿ. ಫೋನ್ ನಂಬರುಗಳ ಪಟ್ಟಿಯನ್ನು ಇವರು ಒಬ್ಬರಿಗೊಬ್ಬರು ಬಾಡಿಗೆಗೆ ಕೊಡುತ್ತಾರೆ.