ಗರ್ಭಪಾತ ಮತ್ತು ಮಹಿಳೆಯರ ಮಾನಸಿಕ ಆರೋಗ್ಯ: ಹೋಲಿಕೆ ಯಾರೊಂದಿಗೆ?

‘ಗರ್ಭಪಾತ ಮಾಡಿಸಿಕೊಂಡ ಮಹಿಳೆಯರಲ್ಲಿ ಮಾನಸಿಕ ತೊಂದರೆ ಹೆಚ್ಚು’ ಮತ್ತು ‘ಗರ್ಭಪಾತದಿಂದ ಮಾನಸಿಕ ತೊಂದರೆ ಬರುತ್ತದೆ’ ಎಂಬ ಎರಡು ವಾಕ್ಯಗಳನ್ನು ಒಂದೇ ಎಂದು ಓದಿಕೊಂಡರೆ ಈ ಪಾಠ ಅಲ್ಲಿಗೇ ಕೆಡುತ್ತದೆ. ಮೊದಲನೆಯದು ಹಲವು ದತ್ತಾಂಶಗಳಲ್ಲಿ ಕಾಣುವ ಸಂಗತಿ. ಎರಡನೆಯದು ಕಾರಣವನ್ನು ಕುರಿತ ವಾದ. ನಲವತ್ತು ವರ್ಷಗಳ ಜಗಳವೆಲ್ಲ ನಡೆದಿರುವುದು ಇವೆರಡರ ನಡುವಿನ ಅಂತರದಲ್ಲಿಯೇ. ಆದ್ದರಿಂದ ಯಾವ ಅಧ್ಯಯನ ಕೈಗೆ ಬಂದರೂ, ಅದರ ತೀರ್ಮಾನಕ್ಕಿಂತ ಮೊದಲು ಯಾರನ್ನು ಯಾರೊಂದಿಗೆ ಹೋಲಿಸಿದ್ದಾರೆ ಎಂಬುದನ್ನು ಹುಡುಕಿಕೊಳ್ಳಿ.

ವಾದ ಹುಟ್ಟಿದ ಬಗೆ

1980ರಲ್ಲಿ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯ ಮೂರನೆಯ ಆವೃತ್ತಿಗೆ ಆಘಾತೋತ್ತರ ಒತ್ತಡದ ಕಾಯಿಲೆ ಸೇರಿತು. ಮರುವರ್ಷವೇ ವಿನ್ಸೆಂಟ್ ರೂ ಎಂಬವರು ಅಲ್ಲಿನ ಸಂಸತ್ತಿನ ಮುಂದೆ ಸಾಕ್ಷ್ಯ ನುಡಿಯುತ್ತಾ, ಗರ್ಭಪಾತವೂ ಅಂಥ ಆಘಾತ ಉಂಟುಮಾಡಬಲ್ಲದು ಎಂದರು. ‘ಗರ್ಭಪಾತೋತ್ತರ ಸಿಂಡ್ರೋಮ್’ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಹೀಗೆ. ಆ ಕೈಪಿಡಿಯಾಗಲಿ, ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವಾಗಲಿ ಅದನ್ನು ಪ್ರತ್ಯೇಕ ಕಾಯಿಲೆಯೆಂದು ಒಪ್ಪಿಕೊಂಡಿಲ್ಲ.

ಆಮೇಲಿನ ಕೂಪ್ ಪ್ರಸಂಗವನ್ನು ಅನೇಕ ಟಿಪ್ಪಣಿಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಅದು ಇನ್ನೂ ಹೆಚ್ಚು ಜಾಗಕ್ಕೆ ಅರ್ಹ. ಮಕ್ಕಳ ಶಸ್ತ್ರಚಿಕಿತ್ಸಕರಾಗಿದ್ದ ಸಿ. ಎವರೆಟ್ ಕೂಪ್ ಅವರು ರೇಗನ್ ಆಡಳಿತದಲ್ಲಿ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಮುಖ್ಯ ವೈದ್ಯಾಧಿಕಾರಿ ಆಗಿದ್ದರು, ಗರ್ಭಪಾತವನ್ನು ಬಹಿರಂಗವಾಗಿ ವಿರೋಧಿಸುತ್ತಿದ್ದರು. ಗರ್ಭಪಾತವು ಮಹಿಳೆಯರ ಆರೋಗ್ಯದ ಮೇಲೆ ಬೀರುವ ಪರಿಣಾಮದ ಬಗ್ಗೆ ವರದಿ ಕೊಡುವಂತೆ 1987ರಲ್ಲಿ ಅಧ್ಯಕ್ಷ ರೇಗನ್ ಕೂಪ್ ಅವರಿಗೆ ಸೂಚಿಸಿದರು. ಎಲ್ಲರೂ ನಿರೀಕ್ಷಿಸಿದ್ದ ವರದಿ ಬರಲೇ ಇಲ್ಲ. 1989ರ ಜನವರಿಯಲ್ಲಿ ಕೂಪ್ ಅಧ್ಯಕ್ಷರಿಗೆ ಪತ್ರ ಬರೆದು, ಲಭ್ಯವಿರುವ ಅಧ್ಯಯನಗಳು ಯಾವ ಕಡೆಗೂ ಖಚಿತ ತೀರ್ಮಾನ ಕೊಡುವುದಿಲ್ಲ ಎಂದರು. ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಈ ಮಾನಸಿಕ ಸಮಸ್ಯೆ ತೀರಾ ಸಣ್ಣದು ಎಂದು ಅದೇ ವರ್ಷ ಸಂಸತ್ತಿನ ಸಮಿತಿಯ ಮುಂದೆಯೂ ಹೇಳಿದರು. ತನ್ನ ನೈತಿಕ ನಿಲುವನ್ನು ಬಿಟ್ಟುಕೊಡದೆ, ಸಾಕ್ಷ್ಯ ಇಲ್ಲದ ಕಡೆ ಇಲ್ಲವೆಂದು ಹೇಳಿದ ಆ ಪ್ರಾಮಾಣಿಕತೆ ಈ ವಾದದ ಎರಡೂ ಪಾಳೆಯಗಳಲ್ಲಿ ಅಪರೂಪ.

ಹೋಲಿಕೆಯೇ ತಿರುಳು

ಗರ್ಭಪಾತ ಮಾಡಿಸಿಕೊಂಡವರನ್ನು ಸಂತೋಷದಿಂದ ಮಗುವನ್ನು ಹೆತ್ತವರೊಂದಿಗೆ ಹೋಲಿಸಿದರೆ ಏನಾಗುತ್ತದೆ? ಮೊದಲ ಗುಂಪಿನಲ್ಲಿ ಬಡತನ, ಸಂಗಾತಿಯ ಹಿಂಸೆ, ಬಾಲ್ಯದಲ್ಲಿ ಅನುಭವಿಸಿದ ದೌರ್ಜನ್ಯ, ಹಳೆಯ ಖಿನ್ನತೆ ಇವೆಲ್ಲ ಹೆಚ್ಚಾಗಿರುತ್ತವೆ. ಬಯಸದ ಗರ್ಭ ನಿಲ್ಲುವುದಕ್ಕೂ ಮನಸ್ಸು ಕುಗ್ಗುವುದಕ್ಕೂ ಇವೇ ಕಾರಣವಾಗಬಹುದು. ಆಸ್ಪತ್ರೆಗೆ ಸೇರಿದವರಲ್ಲಿ ಸಾವು ಹೆಚ್ಚೆಂದು ಆಸ್ಪತ್ರೆಯನ್ನೇ ದೂರಿದ ಹಾಗೆ ಇದು.

ಡೆನ್ಮಾರ್ಕಿನ ಅಧ್ಯಯನವನ್ನು ನಿಧಾನವಾಗಿ ಓದಿ. ಅಲ್ಲಿ ಪ್ರತಿಯೊಬ್ಬರ ಆರೋಗ್ಯ ದಾಖಲೆಯೂ ರಾಷ್ಟ್ರೀಯ ನೋಂದಣಿಯಲ್ಲಿ ಇರುವುದರಿಂದ ಯಾರ ನೆನಪನ್ನೂ, ಯಾರ ಮಾತನ್ನೂ ಅವಲಂಬಿಸಬೇಕಿಲ್ಲ. ಸಮೀಕ್ಷೆಗಳಲ್ಲಿ ಮಹಿಳೆಯರು ತಮ್ಮ ಗರ್ಭಪಾತವನ್ನು ಬಹುಪಾಲು ಮುಚ್ಚಿಡುವುದರಿಂದ ಇದು ದೊಡ್ಡ ಅನುಕೂಲ. 2011ರಲ್ಲಿ ಪ್ರಕಟವಾದ ಈ ಅಧ್ಯಯನವು 1995ರಿಂದ 2007ರವರೆಗೆ ಮೊದಲ ತ್ರೈಮಾಸಿಕದಲ್ಲಿ ಮೊದಲ ಗರ್ಭಪಾತ ಮಾಡಿಸಿಕೊಂಡ 84,620 ಮಹಿಳೆಯರನ್ನೂ, ಮೊದಲ ಮಗುವನ್ನು ಹೆತ್ತ 2,80,930 ಮಹಿಳೆಯರನ್ನೂ ನೋಡಿತು. ಗರ್ಭಪಾತದ ಗುಂಪಿನಲ್ಲಿ ಮನೋವೈದ್ಯಕೀಯ ಚಿಕಿತ್ಸೆಗೆ ಹೋದವರ ಪ್ರಮಾಣ, ಒಂದು ವರ್ಷಕ್ಕೆ ಸಾವಿರಕ್ಕೆ ಲೆಕ್ಕ ಹಾಕಿದರೆ, ಗರ್ಭಪಾತಕ್ಕೆ ಮೊದಲು 14.6, ನಂತರ 15.2. ಗಮನಿಸುವಂಥ ಏರಿಕೆಯೇ ಇಲ್ಲ. ಹೆರಿಗೆಯ ಗುಂಪಿನಲ್ಲಿ ಮೊದಲು 3.9, ನಂತರ 6.7.

ಈ ನಾಲ್ಕು ಅಂಕಿಗಳಲ್ಲಿ 15.2 ಮತ್ತು 6.7ನ್ನು ಮಾತ್ರ ಎತ್ತಿಕೊಂಡರೆ ಗರ್ಭಪಾತ ಎರಡು ಪಟ್ಟಿಗಿಂತ ಹೆಚ್ಚು ಅಪಾಯಕಾರಿ ಎಂದು ಬರೆಯಬಹುದು. 14.6ನ್ನು ಪಕ್ಕದಲ್ಲಿ ಇಟ್ಟ ಕೂಡಲೇ ಆ ವಾದ ಕುಸಿಯುತ್ತದೆ, ಏಕೆಂದರೆ ವ್ಯತ್ಯಾಸ ಗರ್ಭಪಾತಕ್ಕೆ ಮೊದಲೇ ಇತ್ತು. ಹಾಗೆಂದು ಹೆರಿಗೆಯೇ ಹೆಚ್ಚು ಹಾನಿಕರ ಎನ್ನುವುದೂ ಅದೇ ಜಾತಿಯ ತಪ್ಪು. ಮನೋವೈದ್ಯರವರೆಗೆ ಹೋಗದೆ ಮನೆಯಲ್ಲೇ ನೊಂದವರು ಈ ಲೆಕ್ಕದಲ್ಲಿ ಇಲ್ಲ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಫಿನ್ಲೆಂಡಿನ ಅಂಕಿಗಳನ್ನು ಗರ್ಭಪಾತ ವಿರೋಧಿಗಳು ಬಹಳ ಉಲ್ಲೇಖಿಸುತ್ತಾರೆ. 1987ರಿಂದ 1994ರ ದಾಖಲೆಗಳ ಪ್ರಕಾರ ಆತ್ಮಹತ್ಯೆಯ ಪ್ರಮಾಣ ಗರ್ಭಪಾತದ ನಂತರ ಲಕ್ಷಕ್ಕೆ 34.7, ಹೆರಿಗೆಯ ನಂತರ 5.9. ಅದೇ ಅಧ್ಯಯನದಲ್ಲಿ ತಾನಾಗಿ ಆದ ಗರ್ಭಸ್ರಾವದ ನಂತರದ ಪ್ರಮಾಣ 18.1, ಹೆರುವ ವಯಸ್ಸಿನ ಮಹಿಳೆಯರ ಒಟ್ಟಾರೆ ಪ್ರಮಾಣ 11.3. ಅಂದರೆ ಹೆತ್ತವರ ಗುಂಪೇ ಸರಾಸರಿಗಿಂತ ಬಹಳ ಕೆಳಗಿದೆ. ಅದನ್ನು ಅಳತೆಗೋಲಾಗಿ ಹಿಡಿದರೆ ಉಳಿದವರೆಲ್ಲ ಎತ್ತರದಲ್ಲೇ ಕಾಣುತ್ತಾರೆ. 34.7 ಎಂಬುದು ಆದರೂ ಹಗುರವಾಗಿ ತಳ್ಳಿಹಾಕುವ ಅಂಕಿಯಲ್ಲ. ಗರ್ಭಪಾತಕ್ಕೆ ಬರುವವರಲ್ಲಿ ಆಳವಾದ ಸಂಕಟದಲ್ಲಿರುವವರು ಇರುತ್ತಾರೆ, ಅವರನ್ನು ಗುರುತಿಸಿ ನೆರವಾಗಬೇಕು ಎಂದು ಅದು ಹೇಳುತ್ತದೆ. ಕಾರಣ ಯಾವುದೆಂದು ಮಾತ್ರ ಹೇಳುವುದಿಲ್ಲ.

ಕೇಳಿಯೂ ಸಿಗದವರು

ನ್ಯಾಯವಾದ ಹೋಲಿಕೆಯೆಂದರೆ ಗರ್ಭಪಾತ ಬೇಕೆಂದು ಬಂದು ಪಡೆದವರು ಮತ್ತು ಬೇಕೆಂದು ಬಂದರೂ ಸಿಗದವರು. ಸಂಶೋಧಕಿ ಡಯಾನಾ ಗ್ರೀನ್ ಫಾಸ್ಟರ್ ನೇತೃತ್ವದ ಟರ್ನ್‌ಅವೇ ಅಧ್ಯಯನ ಇದನ್ನೇ ಮಾಡಿತು. 2008ರಿಂದ 2010ರವರೆಗೆ ಅಮೆರಿಕದ 21 ರಾಜ್ಯಗಳ 30 ಕೇಂದ್ರಗಳಿಂದ ಸುಮಾರು ಸಾವಿರ ಮಹಿಳೆಯರನ್ನು ಸೇರಿಸಿಕೊಂಡು, ಐದು ವರ್ಷ ಬೆನ್ನುಹತ್ತಿ ಸಂದರ್ಶಿಸಿತು. ಗರ್ಭದ ಅವಧಿ ಮಿತಿ ಮೀರಿತೆಂದು ವಾಪಸು ಕಳುಹಿಸಲ್ಪಟ್ಟವರಲ್ಲಿ ಆರಂಭದಲ್ಲಿ ಆತಂಕ ಹೆಚ್ಚು, ಆತ್ಮಗೌರವ ಕಡಿಮೆ ಇತ್ತು. ಆರು ತಿಂಗಳಿಂದ ಒಂದು ವರ್ಷದೊಳಗೆ ಎರಡೂ ಗುಂಪುಗಳು ಹೆಚ್ಚುಕಡಿಮೆ ಸಮವಾದವು. ಗರ್ಭಪಾತ ಪಡೆದವರು ಹೆಚ್ಚಾಗಿ ಹೇಳಿಕೊಂಡ ಭಾವ ನಿರಾಳತೆ.

ದೋಷವೂ ಇದೆ. ಅರ್ಹರಾದವರಲ್ಲಿ ಭಾಗವಹಿಸಲು ಒಪ್ಪಿದವರು ಶೇ 40ಕ್ಕಿಂತ ಕಡಿಮೆ, ವರ್ಷ ಕಳೆದಂತೆ ಕೆಲವರು ಕಳಚಿಕೊಂಡರು. ಹೆಚ್ಚು ನೊಂದವರೇ ದೂರ ಉಳಿದಿರಬಹುದು ಎಂಬ ಟೀಕೆಗೆ ಅರ್ಥವಿದೆ. ಆದರೂ ಎರಡೂ ಗುಂಪುಗಳಲ್ಲಿ ಅದು ಒಂದೇ ಬಗೆಯಲ್ಲಿ ನಡೆದಿದ್ದರೆ ಹೋಲಿಕೆ ಅಷ್ಟೊಂದು ಕೆಡುವುದಿಲ್ಲ.

ಎದುರು ಪಕ್ಷದ ಗಟ್ಟಿ ವಾದ

ಡೇವಿಡ್ ಫರ್ಗುಸನ್ ಅವರನ್ನು ಓದದೆ ಪರೀಕ್ಷೆಗೆ ಹೋಗಬೇಡಿ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 1977ರಲ್ಲಿ ಹುಟ್ಟಿದ 1,265 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನ ಅವರದು. ಅದರಲ್ಲಿ ಗರ್ಭಪಾತ ಮಾಡಿಸಿಕೊಂಡ ಯುವತಿಯರಲ್ಲಿ ಮಾನಸಿಕ ತೊಂದರೆ ಹೆಚ್ಚಿರುವುದು 2006ರಲ್ಲಿ ಕಂಡಿತು. ಅವರು ಗರ್ಭಪಾತದ ಹಕ್ಕಿನ ವಿರೋಧಿಯಲ್ಲ, ಆದ್ದರಿಂದ ಪೂರ್ವಗ್ರಹವೆಂದು ಬದಿಗೊತ್ತುವಂತಿಲ್ಲ. 2008ರ ಲೇಖನದಲ್ಲಿ ಅವರು ಕೊಟ್ಟ ಅಂದಾಜು ಶೇ 30ರಷ್ಟು ಹೆಚ್ಚಿನ ಅಪಾಯ. ಒಟ್ಟು ಮಾನಸಿಕ ಕಾಯಿಲೆಗಳಲ್ಲಿ ಇದರ ಪಾಲು ಶೇ 1.5ರಿಂದ 5.5. ಗರ್ಭಪಾತದಿಂದ ಮಾನಸಿಕ ಆರೋಗ್ಯ ಸುಧಾರಿಸುತ್ತದೆ ಎನ್ನಲೂ ಪುರಾವೆ ಇಲ್ಲ ಎಂಬ ಅವರ ಇನ್ನೊಂದು ಮಾತು ಹಕ್ಕಿನ ಪರವಾದಿಗಳಿಗೂ ಇರಿಸುಮುರಿಸು ತಂದಿತು. ಬ್ರಿಟನ್ನಿನ 1967ರ ಕಾನೂನಿನಡಿ ಬಹುಪಾಲು ಗರ್ಭಪಾತಗಳು ನಡೆಯುವುದೇ ಮಹಿಳೆಯ ಆರೋಗ್ಯಕ್ಕೆ, ಮುಖ್ಯವಾಗಿ ಮಾನಸಿಕ ಆರೋಗ್ಯಕ್ಕೆ ಇರುವ ಅಪಾಯದ ಆಧಾರದ ಮೇಲೆ ಎಂಬುದನ್ನು ನೆನೆದರೆ, ಆ ಇರಿಸುಮುರಿಸಿನ ಕಾರಣ ತಿಳಿಯುತ್ತದೆ.

2011ರಲ್ಲಿ ಅಮೆರಿಕದ ಸಂಶೋಧಕಿ ಪ್ರಿಸಿಲ್ಲಾ ಕೋಲ್‌ಮನ್ 22 ಅಧ್ಯಯನಗಳನ್ನು ಒಟ್ಟುಗೂಡಿಸಿ ಶೇ 81ರಷ್ಟು ಹೆಚ್ಚಿನ ಅಪಾಯವೆಂದರು. ಆ ಅಧ್ಯಯನಗಳಲ್ಲಿ ಅರ್ಧದಷ್ಟು ಅವರೇ ಭಾಗಿಯಾದವು, ಮೊದಲೇ ಇದ್ದ ಕಾಯಿಲೆಯನ್ನು ಹಲವು ಕಡೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದೇ ವರ್ಷ ಬ್ರಿಟನ್ನಿನ ವೈದ್ಯಕೀಯ ರಾಯಲ್ ಕಾಲೇಜುಗಳ ಅಕಾಡೆಮಿ ಪ್ರಕಟಿಸಿದ ಪರಿಶೀಲನೆ, ಬಯಸದ ಗರ್ಭ ಧರಿಸಿದವರಲ್ಲಿ ಹೆತ್ತರೂ ತೆಗೆಸಿಕೊಂಡರೂ ತೊಂದರೆಯ ಪ್ರಮಾಣ ಒಂದೇ ಎಂದಿತು. ಮುಂದಿನ ತೊಂದರೆಯನ್ನು ಅತ್ಯಂತ ನಂಬಲರ್ಹವಾಗಿ ಸೂಚಿಸುವುದು ಹಿಂದಿನ ಮಾನಸಿಕ ಕಾಯಿಲೆಯೇ ಎಂದೂ ಹೇಳಿತು. ಈಗ ಸಿಗುವ ಸಾಕ್ಷ್ಯ ಈ ಪರಿಶೀಲನೆಯ ಕಡೆಗೇ ವಾಲುತ್ತದೆ ಎಂಬುದು ನನ್ನ ಎಣಿಕೆ.

ದುಃಖ ಕಾಯಿಲೆಯಲ್ಲ, ಸುಳ್ಳೂ ಅಲ್ಲ

ಸರಾಸರಿಯಲ್ಲಿ ವ್ಯತ್ಯಾಸವಿಲ್ಲ ಎಂದರೆ ಯಾರೂ ನೋಯುವುದಿಲ್ಲ ಎಂದಲ್ಲ. ನಿರಾಳತೆ, ಅಳು, ತಪ್ಪಿತಸ್ಥ ಭಾವ ಒಬ್ಬಳಲ್ಲೇ ಒಟ್ಟಿಗೆ ಇರಬಹುದು. 2007ರ ಗೊನ್ಸಾಲೆಸ್ ವಿರುದ್ಧ ಕಾರ್‌ಹಾರ್ಟ್ ಪ್ರಕರಣದಲ್ಲಿ, ಗರ್ಭಪಾತದ ಒಂದು ವಿಧಾನದ ಮೇಲಿನ ನಿಷೇಧವನ್ನು ಎತ್ತಿಹಿಡಿದ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೆನೆಡಿ, ನಂಬಲರ್ಹ ದತ್ತಾಂಶ ಇಲ್ಲವೆಂದು ಒಪ್ಪಿಕೊಂಡೇ, ಕೆಲವರು ಪಶ್ಚಾತ್ತಾಪ ಪಡುತ್ತಾರೆ ಎಂಬುದನ್ನು ತೀರ್ಪಿನಲ್ಲಿ ಬಳಸಿಕೊಂಡರು. ಭಿನ್ನಮತ ಬರೆದ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಇದನ್ನು ಕಟುವಾಗಿ ಟೀಕಿಸಿದರು. ಕೆಲವರ ಪಶ್ಚಾತ್ತಾಪ ನಿಜವಿದ್ದರೂ ಅದರಿಂದ ಎಲ್ಲರ ಆಯ್ಕೆಯನ್ನು ಮೊಟಕುಗೊಳಿಸುವ ತರ್ಕ ಹುಟ್ಟುವುದಿಲ್ಲ ಎಂದು ನನಗೆ ಅನಿಸುತ್ತದೆ.

ಯಾರಿಗೆ ಹೆಚ್ಚು ಕಷ್ಟ ಎಂಬುದನ್ನು ಅಮೆರಿಕದ ಮನೋವಿಜ್ಞಾನ ಸಂಘದ 2008ರ ಕಾರ್ಯಪಡೆ ಪಟ್ಟಿ ಮಾಡಿದೆ: ಮೊದಲೇ ಮಾನಸಿಕ ಕಾಯಿಲೆ ಇದ್ದವರು, ಸಮಾಜ ಹಳಿಯುತ್ತದೆಂದು ಅಂಜುವವರು, ವಿಷಯವನ್ನು ಗುಟ್ಟಾಗಿಡಬೇಕಾದವರು, ಆಸರೆ ಇಲ್ಲದವರು, ಬಯಸಿದ ಗರ್ಭವನ್ನೇ ಕಳೆದುಕೊಳ್ಳಬೇಕಾದವರು. ಅಪಾಯ ಹೆಚ್ಚಿಲ್ಲ ಎಂಬ ಆ ಕಾರ್ಯಪಡೆಯ ಪ್ರಸಿದ್ಧ ತೀರ್ಮಾನ ಅನ್ವಯಿಸುವುದು ಯೋಜಿಸದ ಗರ್ಭ ಧರಿಸಿ, ಮೊದಲ ತ್ರೈಮಾಸಿಕದಲ್ಲಿ, ಒಮ್ಮೆ ಮಾತ್ರ, ಕಾನೂನುಬದ್ಧವಾಗಿ ಗರ್ಭಪಾತ ಮಾಡಿಸಿಕೊಂಡ ವಯಸ್ಕ ಮಹಿಳೆಯರಿಗೆ. ಉತ್ತರ ಬರೆಯುವಾಗ ಈ ಷರತ್ತುಗಳಲ್ಲಿ ಒಂದನ್ನೂ ಬಿಡಬೇಡಿ. ಭ್ರೂಣದ ಗಂಭೀರ ದೋಷದಿಂದಾಗಿ ತಡವಾಗಿ, ಬಯಸಿದ ಗರ್ಭವನ್ನು ತೆಗೆಸಿಕೊಂಡವರ ಸಂಕಟ, ಅದೇ ವರದಿಯ ಪ್ರಕಾರ, ಗರ್ಭಸ್ರಾವವಾದವರ ಅಥವಾ ನವಜಾತ ಶಿಶುವನ್ನು ಕಳೆದುಕೊಂಡವರ ಸಂಕಟಕ್ಕೆ ಸಮ. ಅದನ್ನು ಬೇರೆಯಾಗಿಯೇ ಓದಬೇಕು.