ಗಾರ್ಡನ್ ಟ್ರ್ಯಾಕ್ಟರ್‌ಗೆ ಸ್ನೋ ಪ್ಲೋ: ಎಷ್ಟು ಇಂಚು ಅಂತ ಕೇಳುವ ಮೊದಲು

ಅಮೆರಿಕದ ಬಫಲೋ, ಡೆಟ್ರಾಯಿಟ್, ಮಿನಿಯಾಪೊಲಿಸ್ ಕಡೆ ಉದ್ದ ಡ್ರೈವ್‌ವೇ ಇರುವ ಮನೆ ತಗೊಂಡವರಿಗೆ ಅಕ್ಟೋಬರ್ ಬಂತೆಂದರೆ ಒಂದು ಯೋಚನೆ ಶುರುವಾಗುತ್ತದೆ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಹೇಗೂ ಗರಾಜಿನಲ್ಲಿದೆ, ಅದರ ಮುಂದಕ್ಕೆ ಹಿಮ ತಳ್ಳುವ ಒಂದು ಬ್ಲೇಡ್ ಹಾಕಿಸಿದರೆ ಚಳಿಗಾಲ ಕಳೆಯುತ್ತದಲ್ವಾ? ಕಳೆಯಬಹುದು. ಆದರೆ ಎಲ್ಲರೂ ಮೊದಲು ಕೇಳುವುದು ಎಷ್ಟು ಇಂಚಿನ ಬ್ಲೇಡ್ ತಗೊಳ್ಳಲಿ ಅಂತ. ನನ್ನ ಪ್ರಕಾರ ಅದು ಹೆಚ್ಚುಕಡಿಮೆ ಕೊನೆಗೆ ಕೇಳಬೇಕಾದ ಪ್ರಶ್ನೆ. ತೆಗೆದ ಹಿಮವನ್ನು ಎಲ್ಲಿ ಹಾಕುತ್ತೀರಿ, ತಳ್ಳುವಾಗ ಚಕ್ರಕ್ಕೆ ಹಿಡಿತ ಎಲ್ಲಿಂದ ಬರುತ್ತದೆ, ಇವೆರಡು ಗೊತ್ತಾದರೆ ಇಂಚು ತಾನಾಗಿ ಗೊತ್ತಾಗುತ್ತದೆ.

ನಿಮ್ಮದು ಯಾವ ಟ್ರ್ಯಾಕ್ಟರ್?

ಲಾನ್ ಟ್ರ್ಯಾಕ್ಟರ್ ಬೇರೆ, ಗಾರ್ಡನ್ ಟ್ರ್ಯಾಕ್ಟರ್ ಬೇರೆ. ನೋಡುವುದಕ್ಕೆ ಎರಡೂ ಒಂದೇ ಥರ ಇರುತ್ತವೆ, ಎಂಜಿನ್ನಿನ ಹಾರ್ಸ್‌ಪವರ್ ಕೂಡ ಒಂದೇ ಇರಬಹುದು. ವ್ಯತ್ಯಾಸ ಇರುವುದು ಕೆಳಗೆ. ಗಾರ್ಡನ್ ಟ್ರ್ಯಾಕ್ಟರ್‌ನ ಫ್ರೇಮ್ ದಪ್ಪ, ಹಿಂದಿನ ಆಕ್ಸಲ್ ಗಟ್ಟಿ, ಟ್ರಾನ್ಸ್‌ಮಿಷನ್ ಭಾರ ತಡೆಯುವಂಥದ್ದು. ಈಗ ಬರುವ ಬಹಳಷ್ಟು ಟ್ರ್ಯಾಕ್ಟರ್‌ಗಳು ಹೈಡ್ರೋಸ್ಟಾಟಿಕ್, ಅಂದರೆ ಗೇರ್ ಬದಲು ಎಣ್ಣೆಯ ಒತ್ತಡದಿಂದ ಚಕ್ರ ತಿರುಗುತ್ತದೆ. ಹಿಮ ತಳ್ಳುವುದಕ್ಕೆ ಇದು ತುಂಬಾ ಅನುಕೂಲ, ಪೆಡಲ್ ಒತ್ತಿದರೆ ಮುಂದೆ, ಇನ್ನೊಂದು ಒತ್ತಿದರೆ ಹಿಂದೆ, ಕ್ಲಚ್ಚಿನ ಗೊಡವೆಯೇ ಇಲ್ಲ. ತೊಂದರೆ ಏನೆಂದರೆ ಭಾರ ಎಳೆದಷ್ಟೂ ಆ ಎಣ್ಣೆ ಬಿಸಿಯಾಗುತ್ತದೆ, ಬಿಸಿಯಾದ ಎಣ್ಣೆ ತೆಳ್ಳಗಾಗಿ ಒತ್ತಡ ಹಿಡಿಯುವುದಿಲ್ಲ. ಟಫ್ ಟಾರ್ಕ್ ಕಂಪನಿಯ ಕೆ46 ಥರದ ಟ್ರಾನ್ಸ್‌ಮಿಷನ್ ತುಂಬಾ ಲಾನ್ ಟ್ರ್ಯಾಕ್ಟರ್‌ಗಳಲ್ಲಿ ಸಿಗುತ್ತದೆ, ಹುಲ್ಲು ಕತ್ತರಿಸುವಂಥ ಹಗುರ ಕೆಲಸಕ್ಕೆ ಅಂತಲೇ ಮಾಡಿದ್ದು ಅದು. ಅದಕ್ಕೆ ಸಣ್ಣ ಬ್ಲೇಡ್ ಹಾಕಿ ಮೆಲ್ಲಗೆ ತಳ್ಳಬಹುದು. ದೂರದಿಂದ ಓಡಿಸಿಕೊಂಡು ಬಂದು ಹಿಮದ ಗುಡ್ಡೆಗೆ ಗುದ್ದುವ ಕೆಲಸಕ್ಕೆ ಅದು ಆಗಿಬರುವುದಿಲ್ಲ. ಮ್ಯಾನ್ಯುಯಲ್‌ನಲ್ಲಿ ಯಾವ ಅಟ್ಯಾಚ್‌ಮೆಂಟ್ ಹಾಕಬಹುದು ಅಂತ ಬರೆದಿರುತ್ತದೆ, ಬೇರೆಲ್ಲ ಬಿಟ್ಟು ಮೊದಲು ಆ ಪುಟ ಓದಿ.

ಹಿಮ ಎಷ್ಟು ಭಾರ

ಹೊಸದಾಗಿ ಬಿದ್ದ ಒಣ ಹಿಮ ಒಂದು ಘನ ಮೀಟರ್‌ಗೆ 100 ಕೆಜಿ ಆಸುಪಾಸು ತೂಗುತ್ತದೆ, ಇನ್ನೂ ಕಡಿಮೆಯೂ ಇರಬಹುದು. ಒದ್ದೆ ಹಿಮ 300 ದಾಟುತ್ತದೆ. 20 ಮೀಟರ್ ಉದ್ದ, 3 ಮೀಟರ್ ಅಗಲದ ಡ್ರೈವ್‌ವೇ ಮೇಲೆ 15 ಸೆಂಟಿಮೀಟರ್ ಬಿದ್ದಿದೆ ಅಂದುಕೊಳ್ಳಿ. ಒಟ್ಟು 9 ಘನ ಮೀಟರ್. ಒಣಗಿದ್ದರೆ 900 ಕೆಜಿ, ಒದ್ದೆಯಾಗಿದ್ದರೆ 2,700 ಕೆಜಿ. ಡ್ರೈವ್‌ವೇ ಅದೇ, ದಪ್ಪ ಅದೇ, ಕೆಲಸ ಮಾತ್ರ ಮೂರು ಪಟ್ಟು.

ಇನ್ನೊಂದು ಲೆಕ್ಕ. 48 ಇಂಚಿನ ಬ್ಲೇಡನ್ನು ನೇರವಾಗಿಟ್ಟು ಆ ಒದ್ದೆ ಹಿಮದಲ್ಲಿ ಹೊರಟರೆ ಪ್ರತಿ ಮೀಟರ್‌ಗೂ ಸುಮಾರು 55 ಕೆಜಿ ಮುಂದೆ ಸೇರಿಕೊಳ್ಳುತ್ತದೆ. ಐದು ಮೀಟರ್ ಹೋಗುವಷ್ಟರಲ್ಲಿ 275 ಕೆಜಿ. ಸಾಧಾರಣ ಗಾರ್ಡನ್ ಟ್ರ್ಯಾಕ್ಟರ್‌ನ ತೂಕವೇ ಸುಮಾರು ಅಷ್ಟು ಅಥವಾ ಸ್ವಲ್ಪ ಜಾಸ್ತಿ. ಅಲ್ಲಿಗೆ ಚಕ್ರ ಸುಮ್ನೆ ತಿರುಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಅದಕ್ಕೇ ಬ್ಲೇಡನ್ನು ಓರೆ ಮಾಡುವುದು: ಹಿಮ ಮುಂದೆ ಗುಡ್ಡೆಯಾಗದೆ ಪಕ್ಕಕ್ಕೆ ಸರಿಯುತ್ತಾ ಹೋಗುತ್ತದೆ. ಮತ್ತೆ ಅದಕ್ಕೇ, ಒಂದು ಅಡಿ ಬೀಳಲಿ ಆಮೇಲೆ ನೋಡೋಣ ಅಂತ ಕಾಯಬಾರದು. ಬೀಳುತ್ತಿರುವಾಗಲೇ ಎರಡು ಮೂರು ಸಲ ತೆಗೆದರೆ ಒಟ್ಟು ಶ್ರಮ ಕಡಿಮೆ.

ಬ್ಲೇಡೋ, ಬ್ಲೋವರೋ

ಈಗ ನಿಜವಾದ ಆಯ್ಕೆ. ಬ್ಲೇಡ್ ಅಗ್ಗ, ಬೇಗ ಕೆಲಸ ಮುಗಿಸುತ್ತದೆ, ಕೆಡುವ ಭಾಗಗಳು ಕಡಿಮೆ. ಆದರೆ ಅದು ಹಿಮವನ್ನು ಸರಿಸುತ್ತದೆ ಅಷ್ಟೇ, ಎತ್ತಿ ಹಾಕುವುದಿಲ್ಲ. ನೆಲದಿಂದ ಕೆಲವೇ ಇಂಚು ಮೇಲೇಳುತ್ತದೆ, ಹಾಗಾಗಿ ಗುಡ್ಡೆ ಎತ್ತರ ಮಾಡುವುದಕ್ಕೆ ಬರುವುದಿಲ್ಲ. ಪಕ್ಕಕ್ಕೆ ಸರಿಸಿದ ಹಿಮ ಎರಡೇ ದಿನದಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಮುಂದಿನ ಸಲ ಅದನ್ನು ದಾಟಿ ತಳ್ಳಲು ಆಗುವುದಿಲ್ಲ, ಡ್ರೈವ್‌ವೇ ಒಂದೊಂದೇ ಅಡಿ ಕಿರಿದಾಗುತ್ತಾ ಫೆಬ್ರವರಿ ಹೊತ್ತಿಗೆ ಕಾರಿನ ಬಾಗಿಲು ತೆಗೆಯೋಕೂ ಜಾಗ ಇರುವುದಿಲ್ಲ. ಇದಕ್ಕೆ ಮದ್ದು ಒಂದೇ. ಮೊದಲ ಹಿಮದಲ್ಲೇ ಅಂಚು ದಾಟಿ ಹುಲ್ಲಿನ ಮೇಲೆ ಎರಡು ಮೂರು ಅಡಿ ಒಳಗೆ ತಳ್ಳಿಬಿಡಬೇಕು. ಅಂಚು ಎಲ್ಲಿದೆ ಅಂತ ಕಾಣಲು ನೆಲ ಹೆಪ್ಪುಗಟ್ಟುವ ಮುಂಚೆ ಕಡ್ಡಿ ನೆಟ್ಟಿರಬೇಕು.

ಬ್ಲೋವರ್‌ಗೆ ಈ ಜಾಗದ ತಲೆನೋವಿಲ್ಲ. ಎರಡು ಹಂತದ ಬ್ಲೋವರ್‌ನಲ್ಲಿ ಮುಂದಿನ ಸುರುಳಿ ಮೆಲ್ಲಗೆ ತಿರುಗಿ ಹಿಮವನ್ನು ಮಧ್ಯಕ್ಕೆ ತರುತ್ತದೆ, ಹಿಂದಿನ ಫ್ಯಾನು ಜೋರಾಗಿ ತಿರುಗಿ ಅದನ್ನು ಕೊಳವೆಯಿಂದ ದೂರ ಎಸೆಯುತ್ತದೆ. ಬೆಲೆ ಬ್ಲೇಡಿನ ಎರಡು ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ. ಕೆಲಸ ನಿಧಾನ. ನೀರು ನೀರಾದ ಹಿಮ ಬಂದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಎಂಜಿನ್ ಆಫ್ ಮಾಡಿ, ಎಲ್ಲ ಪೂರ್ತಿ ನಿಂತ ಮೇಲೆ ಕೋಲಿನಿಂದ ಬಿಡಿಸಬೇಕು. ಕೈ ಹಾಕಬಾರದು, ಯಾವ ಕಾರಣಕ್ಕೂ. ಸುರುಳಿಯ ಶಾಫ್ಟಿನಲ್ಲಿ ಶಿಯರ್ ಪಿನ್ ಅಂತ ಇರುತ್ತದೆ, ಕಲ್ಲೋ ದಿನಪತ್ರಿಕೆಯ ಕಟ್ಟೋ ಸಿಕ್ಕಿಹಾಕಿಕೊಂಡಾಗ ಗೇರ್‌ಬಾಕ್ಸ್ ಬದಲು ತಾನು ಮುರಿಯಲಿ ಅಂತಲೇ ಇಟ್ಟ ಮೆತ್ತನೆಯ ಪಿನ್ನು. ನಾಲ್ಕಾರು ತಂದಿಟ್ಟುಕೊಳ್ಳಿ. ಕೈಗೆ ಸಿಕ್ಕಿದ ಗಟ್ಟಿ ಬೋಲ್ಟು ಹಾಕಿದರೆ ಪಿನ್ನು ಉಳಿಯುತ್ತದೆ, ಗೇರ್‌ಬಾಕ್ಸ್ ಹೋಗುತ್ತದೆ.

ಯಾವುದು ಯಾರಿಗೆ? ಊರು ನೋಡಿ ಹೇಳಬೇಕು. ಮಿನಿಯಾಪೊಲಿಸ್‌ನಲ್ಲಿ ವರ್ಷಕ್ಕೆ ಸರಾಸರಿ 50 ಇಂಚಿಗಿಂತ ಸ್ವಲ್ಪ ಜಾಸ್ತಿ ಬೀಳುತ್ತದೆ, ಚಳಿ ಜೋರಿರುವುದರಿಂದ ಹೆಚ್ಚಾಗಿ ಪುಡಿಪುಡಿಯಾದ ಒಣ ಹಿಮ. ಪಕ್ಕದಲ್ಲಿ ಜಾಗ ಇದ್ದರೆ ಬ್ಲೇಡ್ ಸಾಕು. ಬಫಲೋದ ಸರಾಸರಿ ಸುಮಾರು 95 ಇಂಚು. ಅದೂ ದಿನಾ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಈರಿ ಸರೋವರದ ನೀರು ಇನ್ನೂ ಬೆಚ್ಚಗಿರುವಾಗ ಅದರ ಉದ್ದಕ್ಕೂ ತಣ್ಣನೆ ಗಾಳಿ ಬೀಸಿದರೆ ಕಿರಿದಾದ ಒಂದು ಪಟ್ಟಿಯಲ್ಲಿ ಹಿಮ ಸುರಿಯುತ್ತದೆ, ಕೆಲವು ಮೈಲಿ ಆಚೆ ಅಷ್ಟೇನೂ ಇರುವುದಿಲ್ಲ. 2022ರ ನವೆಂಬರ್‌ನಲ್ಲಿ ಪಕ್ಕದ ಆರ್ಚರ್ಡ್ ಪಾರ್ಕ್‌ನಲ್ಲಿ ಕೆಲವೇ ದಿನಗಳಲ್ಲಿ 80 ಇಂಚಿನಷ್ಟು ಬಿತ್ತು. ಅಂಥ ದಿನ ಗಾರ್ಡನ್ ಟ್ರ್ಯಾಕ್ಟರ್‌ನ ಬ್ಲೇಡ್ ಯಾವ ಮೂಲೆಗೆ? ಹಿಮವೇ ಬ್ಲೇಡಿಗಿಂತ ಎತ್ತರ ಇರುತ್ತದೆ. ಆ ಪಟ್ಟಿಯಲ್ಲಿ ಮನೆ ಇದ್ದರೆ, ಟ್ರ್ಯಾಕ್ಟರ್ ತಡೆಯುವ ಹಾಗಿದ್ದರೆ, ಬ್ಲೋವರ್‌ಗೇ ದುಡ್ಡು ಹಾಕಿ.

ಇನ್ನೊಂದು ವಿಷಯ, ರಸ್ತೆ ಸೇರುವ ಜಾಗ. ಊರಿನ ದೊಡ್ಡ ಪ್ಲೋ ಹೋದ ಮೇಲೆ ನಿಮ್ಮ ಡ್ರೈವ್‌ವೇ ಬಾಯಿಗೆ ಒಂದು ಒಡ್ಡು ಬಿದ್ದಿರುತ್ತದೆ. ಒತ್ತಿ ಒತ್ತಿ ಗಟ್ಟಿಯಾದ ಹಿಮ, ಮಂಜುಗಡ್ಡೆ ಚೂರು, ಉಪ್ಪು ಎಲ್ಲ ಸೇರಿದ್ದು. ರಾತ್ರಿ ಬಿಟ್ಟರೆ ಬೆಳಿಗ್ಗೆ ಗೋಡೆಯಾಗಿರುತ್ತದೆ. ಎದುರಿಂದ ಗುದ್ದುವ ಬದಲು ಬ್ಲೇಡ್ ಓರೆ ಮಾಡಿ ಅಂಚಿನಿಂದ ಸ್ವಲ್ಪ ಸ್ವಲ್ಪ ಕೆತ್ತಿ ತೆಗೆಯಿರಿ. ಸುಲಭ ಅಂತ ರಸ್ತೆ ಆಚೆಗೆ ತಳ್ಳಬೇಡಿ, ಮಿಷಿಗನ್, ಮಿನ್ನೆಸೋಟಾಗಳಲ್ಲಿ ರಸ್ತೆಗೆ ಹಿಮ ಹಾಕುವುದು ರಾಜ್ಯದ ಕಾನೂನಿನ ಪ್ರಕಾರ ತಪ್ಪು.

ಈಗ ಇಂಚು

ಸಾಮಾನ್ಯವಾಗಿ ಸಿಗುವುದು 42, 46, 48, 54 ಇಂಚು. ಅಂಗಡಿಯಲ್ಲಿ ಹೇಳುವುದು ಬ್ಲೇಡ್ ನೇರವಾಗಿದ್ದಾಗಿನ ಅಗಲ. 30 ಡಿಗ್ರಿ ಓರೆ ಮಾಡಿದರೆ ಅಗಲ ಸುಮಾರು 0.87ರಷ್ಟಾಗುತ್ತದೆ. 42 ಇಂಚಿನದು 36ಕ್ಕೆ ಇಳಿಯುತ್ತದೆ, 48ರದ್ದು ಸುಮಾರು 41.5ಕ್ಕೆ, 54ರದ್ದು 47ರ ಹತ್ತಿರಕ್ಕೆ. ಇವತ್ತೇ ಟೇಪ್ ತಗೊಂಡು ಹಿಂದಿನ ಎರಡೂ ಟೈರುಗಳ ಹೊರ ಅಂಚಿನಿಂದ ಅಂಚಿಗೆ ಅಳೆಯಿರಿ. 40 ಇಂಚು ಬಂತು ಅಂದುಕೊಳ್ಳಿ, ಆಗ 42ರ ಬ್ಲೇಡ್ ಓರೆ ಇದ್ದಾಗ ಟೈರು ತೆಗೆಯದ ಹಿಮದ ಮೇಲೆ ಹತ್ತುತ್ತದೆ, ತುಳಿದ ಹಿಮ ಗಡ್ಡೆ ಕಟ್ಟುತ್ತದೆ, ಹಿಡಿತವೂ ಹೋಗುತ್ತದೆ. ಹಾಗಾಗಿ ಓರೆ ಮಾಡಿದ ಮೇಲೂ ಟೈರಿಗಿಂತ ಒಂದೆರಡು ಇಂಚು ಅಗಲ ಇರುವ ಬ್ಲೇಡೇ ಸರಿ. ಅದಕ್ಕಿಂತ ದೊಡ್ಡದು ಬೇಡ, ಭಾರ ಮುಂದೆ ಬಿದ್ದು ಸ್ಟೇರಿಂಗ್ ಗಟ್ಟಿಯಾಗುತ್ತದೆ.

ತೂಕ, ಚೈನು

ನಮ್ಮ ಕಡೆ ಗದ್ದೆ ಸಮ ಮಾಡುವಾಗ ಹಲಗೆ ಮೇಲೆ ಮನುಷ್ಯ ನಿಂತುಕೊಳ್ಳುತ್ತಾನಲ್ಲ, ಇಲ್ಲಿಯೂ ತೂಕವೇ ಬೇಕು, ಆದರೆ ಬ್ಲೇಡ್ ಮೇಲಲ್ಲ, ಹಿಂದಿನ ಚಕ್ರದ ಮೇಲೆ. ಒತ್ತಿ ಕೂತ ಹಿಮದ ಮೇಲೆ ರಬ್ಬರಿನ ಹಿಡಿತ ಒಣ ರಸ್ತೆಯ ಸುಮಾರು ಮೂರನೇ ಒಂದು ಪಾಲು, ಮಂಜುಗಡ್ಡೆ ಮೇಲೆ ಅದೂ ಇಲ್ಲ. ಚಕ್ರಕ್ಕೇ ಬೋಲ್ಟು ಮಾಡುವ ಕಬ್ಬಿಣದ ತಟ್ಟೆ ಹಾಕಬಹುದು. ಹಿಂದೆ ತೂಕ ನೇತುಹಾಕಬಹುದು, ಅದು ಆಕ್ಸಲ್‌ನ ಹಿಂದೆ ಇರುವುದರಿಂದ ಮುಂದಿನ ಬ್ಲೇಡಿನ ಭಾರವನ್ನೂ ಸ್ವಲ್ಪ ಸರಿದೂಗಿಸುತ್ತದೆ. ಟೈರಿನೊಳಗೆ ದ್ರವ ತುಂಬಿಸುವವರೂ ಇದ್ದಾರೆ. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಲೀಟರ್‌ಗೆ ಸುಮಾರು 1.3 ಕೆಜಿ ತೂಗುತ್ತದೆ, ಆದರೆ ಸೋರಿದರೆ ರಿಮ್ ತುಕ್ಕು ತಿನ್ನುತ್ತದೆ. ಬೀಟ್ ರಸದ ದ್ರವ ತೂಕದಲ್ಲಿ ಹೆಚ್ಚುಕಡಿಮೆ ಅಷ್ಟೇ, ತುಕ್ಕಿನ ಭಯ ಇಲ್ಲ, ಬೆಲೆ ಜಾಸ್ತಿ. ಬರೀ ನೀರು ತುಂಬಬೇಡಿ, ಹೆಪ್ಪುಗಟ್ಟುತ್ತದೆ.

ಹಿಡಿತಕ್ಕಾಗಿ ಟೈರಿಗೆ ಸುತ್ತುವ ಚೈನಿನಲ್ಲಿ ಎರಡು ಕೊಂಡಿಗೊಂದು ಅಡ್ಡ ಚೈನು ಇರುವುದು, ನಾಲ್ಕು ಕೊಂಡಿಗೊಂದು ಇರುವುದು ಅಂತ ಎರಡು ಬಗೆ. ಮೊದಲನೆಯದನ್ನೇ ತಗೊಳ್ಳಿ. ಯಾವಾಗಲೂ ಒಂದು ಅಡ್ಡ ಚೈನು ನೆಲ ಮುಟ್ಟಿರುತ್ತದೆ, ಓಡಿಸುವಾಗ ಕುಲುಕಾಟವೂ ಕಡಿಮೆ. ಚೈನು, ತೂಕ ಇಲ್ಲದ 54 ಇಂಚಿಗಿಂತ ಇವೆರಡೂ ಇರುವ 46 ಇಂಚು ಎಷ್ಟೋ ಮೇಲು. ಬಜೆಟ್ ಕಡಿಮೆ ಇದ್ದರೆ ಬ್ಲೇಡಿನಲ್ಲಿ ಉಳಿಸಿ, ಇಲ್ಲಿ ಉಳಿಸಬೇಡಿ.

ಬ್ಲೇಡಿನ ಕೆಳ ಅಂಚು

ಬ್ಲೇಡಿನ ಹಿಂದೆ ಟ್ರಿಪ್ ಸ್ಪ್ರಿಂಗ್ ಇದೆಯಾ ಅಂತ ಬಗ್ಗಿ ನೋಡಿ. ಕಾಂಕ್ರೀಟಿನ ಎದ್ದ ಅಂಚಿಗೆ ತಗುಲಿದಾಗ ಬ್ಲೇಡಿನ ಕೆಳಭಾಗ ಹಿಂದಕ್ಕೆ ಮಡಚಿಕೊಂಡು, ಅಡ್ಡ ಬಂದದ್ದನ್ನು ದಾಟಿ, ಸ್ಪ್ರಿಂಗ್ ಎಳೆತಕ್ಕೆ ಮತ್ತೆ ನೆಟ್ಟಗಾಗುತ್ತದೆ. ಸ್ಪ್ರಿಂಗ್ ತೀರಾ ಸಡಿಲ ಇದ್ದರೆ ಒದ್ದೆ ಹಿಮಕ್ಕೇ ಮಡಚಿಕೊಳ್ಳುತ್ತದೆ, ತೀರಾ ಬಿಗಿ ಇದ್ದರೆ ಹೊಡೆತ ಫ್ರೇಮಿಗೂ ನಿಮ್ಮ ಬೆನ್ನಿಗೂ ಬೀಳುತ್ತದೆ. ಕೆಳಗಿನ ಸವೆಯುವ ಪಟ್ಟಿ ಬದಲಿಸುವಂಥದ್ದೇ ಇರಲಿ.

ಜಲ್ಲಿ ಡ್ರೈವ್‌ವೇ ಆದರೆ ಎರಡು ಬದಿಯ ಸ್ಕಿಡ್ ಶೂ (ಬ್ಲೇಡನ್ನು ನೆಲದಿಂದ ಎತ್ತಿ ಹಿಡಿಯುವ, ಜಾರುವ ಪಾದ) ಇಳಿಸಿ ಬ್ಲೇಡ್ ನೆಲದಿಂದ ಒಂದು ಇಂಚು ಮೇಲೆ ಇರುವ ಹಾಗೆ ಮಾಡಿ. ಇಲ್ಲವಾದರೆ ಏಪ್ರಿಲ್‌ನಲ್ಲಿ ಹುಲ್ಲಿನಿಂದ ಜಲ್ಲಿ ಆರಿಸುವ ಕೆಲಸ ಕಾದಿರುತ್ತದೆ. ಕೆಲವರು ಪೈಪನ್ನು ಉದ್ದಕ್ಕೆ ಸೀಳಿ ಬ್ಲೇಡಿನ ಅಂಚಿಗೆ ಸಿಕ್ಕಿಸುತ್ತಾರೆ, ಗುಂಡಗಿನ ಅಂಚು ಜಲ್ಲಿ ಮೇಲೆ ಜಾರುತ್ತದೆ. ಅಗ್ಗದ ಉಪಾಯ, ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಕೊಳ್ಳುವಾಗ

ಬ್ಲೇಡ್ ಎಲ್ಲಿ ಬೇಕಾದರೂ ಸಿಗುತ್ತದೆ. ಸಿಗದಿರುವುದು ಅದನ್ನು ನಿಮ್ಮ ಟ್ರ್ಯಾಕ್ಟರ್‌ಗೆ ಕೂರಿಸುವ ಸಬ್‌ಫ್ರೇಮ್. ಅದು ಸಾಮಾನ್ಯವಾಗಿ ಮಾಡೆಲ್‌ಗೆ ತಕ್ಕಂತೆ ಬೇರೆ ಬೇರೆ. ಕ್ವಿಬೆಕ್‌ನ ಬರ್ಕೋಮ್ಯಾಕ್ ಥರದ ಕಂಪನಿಗಳು ಒಂದೇ ಬ್ಲೋವರ್ ಮಾಡಿ ಬೇರೆ ಬೇರೆ ಟ್ರ್ಯಾಕ್ಟರ್‌ಗೆ ಬೇರೆ ಬೇರೆ ಸಬ್‌ಫ್ರೇಮ್ ಮಾರುವುದು ಇದಕ್ಕೇ. ಸೆಕೆಂಡ್‌ಹ್ಯಾಂಡ್ ಬ್ಲೇಡ್ ಅಗ್ಗಕ್ಕೆ ಬಂತು ಅಂತ ಖುಷಿಪಡುವ ಮೊದಲು ಸಬ್‌ಫ್ರೇಮ್, ಪಿನ್ನು, ಎತ್ತುವ ಲಿವರ್ ಎಲ್ಲ ಜೊತೆಗೆ ಬರುತ್ತದಾ ಕೇಳಿ, ನಿಮ್ಮ ಮಾಡೆಲ್ ನಂಬರ್‌ಗೆ ಹೊಂದುತ್ತದಾ ನೋಡಿ. ಹುಲ್ಲು ಕತ್ತರಿಸುವ ಡೆಕ್ ಬಿಚ್ಚಬೇಕಾ ಅಂತಲೂ ಕೇಳಿ. ಬಿಚ್ಚಬೇಕಾದರೆ, ನವೆಂಬರ್ ಮೊದಲ ವಾರ ಕೊನೆಯ ಸಲ ಹುಲ್ಲು ಹೊಡೆದು ಅದೇ ದಿನ ಬ್ಲೇಡ್ ಹಾಕಿಬಿಡಿ. ಮೊದಲ ದೊಡ್ಡ ಹಿಮದ ಮುನ್ಸೂಚನೆ ಬಂದ ಮೇಲೆ ಅಂಗಡಿಗೆ ಹೋದರೆ ಬ್ಲೇಡ್ ಸಿಕ್ಕೀತು, ಸಬ್‌ಫ್ರೇಮ್ ಸಿಗುವುದು ಕಷ್ಟ. ಆಗಸ್ಟ್‌ನಲ್ಲಿ ಯಾರಿಗೂ ಬೇಡವಾಗಿರುತ್ತದೆ, ಆಗಲೇ ಹುಡುಕಿ.